‘ವಂಶವಾಹಿಯ ಅಭಿವ್ಯಕ್ತಿ’: ಜಠರದ ಕ್ಯಾನ್ಸರಿನ ಪ್ರಾರಂಭದಶೆಯನ್ನು ಕುರಿತ ಬರವಣಿಗೆಯಲ್ಲಿ ಒಂದು ಪದವಿಮರ್ಶೆ

೧

ಶಾಸ್ತ್ರವಿಷಯಗಳನ್ನು ಕನ್ನಡದಲ್ಲಿ ಹೇಳಬೇಕೆ, ಬೇಡವೆ ಎಂಬ ಚರ್ಚೆ ಹಳೆಯದಾಯಿತು. ಹೇಳಲೇಬೇಕೆಂಬುದನ್ನು ಈಗ ಎಲ್ಲರೂ ಒಪ್ಪಿದ್ದಾರೆ. ಹೇಗೆ ಹೇಳಬೇಕೆಂಬುದು ಮಾತ್ರ ಇನ್ನೂ ವಿಚಾರಾರ್ಹವಾಗಿಯೇ ಉಳಿದಿದೆ. ಪ್ರಕೃತ ಲೇಖನದಲ್ಲಿ ನಾವು ಎತ್ತಿಕೊಂಡಿರುವುದು ಎರಡೇ ಪದಗಳ ಒಂದು ನುಡಿಗಟ್ಟು: ‘ವಂಶವಾಹಿಯ ಅಭಿವ್ಯಕ್ತಿ’. ಜಠರದ ಕ್ಯಾನ್ಸರು ಹೇಗೆ ಮೊದಲಾಗುತ್ತದೆಂಬುದನ್ನು ವಿವರಿಸುವ ಕನ್ನಡ ಬರವಣಿಗೆಯಲ್ಲಿ ಇದು ಈಗ ಸಾಮಾನ್ಯವಾಗಿ ಕಂಡುಬರುತ್ತದೆ. ಇದರಲ್ಲಿ ಮೊದಲನೆಯದು ಹೊಸದಾಗಿ ಕಟ್ಟಿದ ಪದ. ಎರಡನೆಯದು ಸಾವಿರ ವರ್ಷಗಳಿಂದ ನಮ್ಮ ಕಾವ್ಯಮೀಮಾಂಸೆಯಲ್ಲಿ ಬಳಕೆಯಾಗುತ್ತ ಬಂದದ್ದು. ಎರಡೂ ಕೂಡಿದಾಗ ಉಂಟಾಗುವ ಅರ್ಥವು ಶಾಸ್ತ್ರದ ಅರ್ಥಕ್ಕೆ ಎಷ್ಟರ ಮಟ್ಟಿಗೆ ಹೊಂದುತ್ತದೆ ಎಂಬುದೇ ನಮ್ಮ ಪ್ರಶ್ನೆ.

ಈ ಪ್ರಶ್ನೆ ನಮ್ಮಲ್ಲಿ ಹುಟ್ಟಿದುದು ಪುಸ್ತಕದಿಂದಲ್ಲ. ನಮ್ಮಲ್ಲೊಬ್ಬರು ಸಂಬಂಧಿಕರೊಬ್ಬರ ಚಿಕಿತ್ಸೆಗಾಗಿ ಈ ಭಾಗದ ಒಂದು ಆಸ್ಪತ್ರೆಗೆ ಹೋಗಿದ್ದಾಗ, ಅಲ್ಲಿ ಹಂಚುತ್ತಿದ್ದ ಒಂದು ತಿಳುವಳಿಕೆಯ ಹಾಳೆಯಲ್ಲಿ ಜಠರದ ಕ್ಯಾನ್ಸರಿಗೆ ‘ವಂಶವಾಹಿಗಳ ಅಭಿವ್ಯಕ್ತಿಯಲ್ಲಿನ ದೋಷ’ ಕಾರಣವೆಂದು ಅಚ್ಚಾಗಿದ್ದುದನ್ನು ಕಂಡರು. ನವಲಗುಂದದ ಕಡೆಯಿಂದ ಬಂದಿದ್ದ ವೃದ್ಧರೊಬ್ಬರು ಆ ಹಾಳೆಯನ್ನು ಮಗನಿಂದ ಓದಿಸಿ ಕೇಳಿ, ಬಹಳ ಹೊತ್ತು ಸುಮ್ಮನಿದ್ದು, “ಅಂದ್ರ ನಮ್ಮ ಮನಿತನದಾಗ ದೋಷ ಐತೇನ್ರೀ? ನನ್ನ ಮಕ್ಕಳಿಗೂ ಬರತೈತೇನು?” ಎಂದು ಕೇಳಿದರಂತೆ. ಹಾಳೆಯನ್ನು ಬರೆದವರು ಹೇಳಿದುದು ಒಂದು. ಓದಿದವರಿಗೆ ತಿಳಿದುದು ಮತ್ತೊಂದು. ವೈದ್ಯರು ಉತ್ತರ ಹೇಳುವ ಮೊದಲೇ ಒಂದು ಪದವು ಉತ್ತರವನ್ನು ಹೇಳಿಬಿಟ್ಟಿತ್ತು.

ಇದು ಸಣ್ಣ ವಿಷಯವಲ್ಲ. ೨೦೨೨ರ ಅಂದಾಜಿನಂತೆ ಪ್ರಪಂಚದಲ್ಲಿ ಒಂದು ವರ್ಷಕ್ಕೆ ಸುಮಾರು ೯.೭ ಲಕ್ಷ ಮಂದಿಗೆ ಈ ರೋಗ ಹೊಸದಾಗಿ ಕಾಣಿಸಿಕೊಂಡಿತು, ಸುಮಾರು ೬.೬ ಲಕ್ಷ ಮಂದಿ ಇದರಿಂದ ಸತ್ತರು. ಹುಬ್ಬಳ್ಳಿಯಲ್ಲಿ ೧೯೫೭ರಲ್ಲಿ ಪ್ರಾರಂಭವಾದ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯೂ ನವನಗರದ ಕ್ಯಾನ್ಸರ್ ಚಿಕಿತ್ಸಾ ಸಂಸ್ಥೆಯೂ ಇರುವ ಈ ಅವಳಿ ನಗರಕ್ಕೆ ಸುತ್ತಲಿನ ಜಿಲ್ಲೆಗಳಿಂದ ರೋಗಿಗಳು ಬರುತ್ತಾರೆ. ಅವರೊಡನೆ ಆಡುವ ಮಾತು ಕನ್ನಡದ್ದು. ಆ ಮಾತಿನ ಪರೀಕ್ಷೆ ಕನ್ನಡ ವಿಭಾಗದ ಕೆಲಸವಲ್ಲದೆ ಮತ್ತಾರ ಕೆಲಸವಾದೀತು?

ವೈದ್ಯದ ವಿಷಯದಲ್ಲಿ ನಮಗೆ ಸ್ವತಂತ್ರವಾದ ಅಧಿಕಾರವಿಲ್ಲ. ಬಲ್ಲವರು ನಿರ್ಣಯಿಸಿದುದನ್ನು ನಾವು ಪ್ರಮಾಣವಾಗಿ ಸ್ವೀಕರಿಸಿದ್ದೇವೆ. ಆದರೆ ಜೀವವಿಜ್ಞಾನಿಗಳು ತಮ್ಮ ಮುಖ್ಯವಾದ ಪರಿಭಾಷೆಯನ್ನು ಪಡೆದುದು ಬರಹ ಹಾಗೂ ವ್ಯಾಕರಣದ ಕ್ಷೇತ್ರದಿಂದ ಎಂಬುದು ಗಮನಾರ್ಹ. ಅಕ್ಷರ, ಸಂಕೇತ, ಪ್ರತಿಲೇಖನ, ಅನುವಾದ, ತಿದ್ದುಪಡಿ, ಅಭಿವ್ಯಕ್ತಿ ಇವೆಲ್ಲ ನಮ್ಮ ಮನೆಯ ಪಾತ್ರೆಗಳು. ನೆರೆಯವರು ಎರವಲು ಒಯ್ದ ಪಾತ್ರೆಯಲ್ಲಿ ಏನು ಬೇಯುತ್ತಿದೆಯೆಂದು ಕೇಳುವ ಅಧಿಕಾರ ಪಾತ್ರೆಯ ಒಡೆಯರಿಗೆ ಇದ್ದೇ ಇದೆ.

೨

ಮೊದಲು ವಿಷಯವನ್ನು ಸಂಗ್ರಹವಾಗಿ ನಿರೂಪಿಸುತ್ತೇವೆ. ವಿಷಯ ತಿಳಿಯದೆ ಪದವನ್ನು ತೂಗುವುದು ಸಾಧ್ಯವಿಲ್ಲ.

ಮನುಷ್ಯದೇಹದ ಬಹುತೇಕ ಎಲ್ಲ ಜೀವಕೋಶಗಳಲ್ಲಿಯೂ ಒಂದೇ ಡಿ.ಎನ್.ಎ. ಗ್ರಂಥವಿದೆ. ಪ್ರೋಟೀನುಗಳ ರಚನೆಯನ್ನು ಸೂಚಿಸುವ ಜೀನುಗಳು ಅದರಲ್ಲಿ ಸುಮಾರು ೨೦,೦೦೦. ಕಣ್ಣಿನ ಕೋಶದಲ್ಲಿಯೂ ಜಠರದ ಕೋಶದಲ್ಲಿಯೂ ಗ್ರಂಥ ಒಂದೇ. ಹಾಗಿದ್ದರೂ ಕಣ್ಣು ಕಣ್ಣಾಗಿ, ಜಠರ ಜಠರವಾಗಿ ಇರುವುದೇಕೆ? ಪ್ರತಿಯೊಂದು ಕೋಶವೂ ಆ ಗ್ರಂಥದಲ್ಲಿ ತನಗೆ ಬೇಕಾದ ಅಧ್ಯಾಯಗಳನ್ನು ಮಾತ್ರ ಓದುತ್ತದೆ, ಉಳಿದವನ್ನು ಮುಚ್ಚಿಡುತ್ತದೆ. ಓದಿದ ಜೀನಿನ ಪ್ರತಿಯೊಂದು ಆರ್.ಎನ್.ಎ. ರೂಪದಲ್ಲಿ ಸಿದ್ಧವಾಗಿ, ಆ ಪ್ರತಿಯಿಂದ ಪ್ರೋಟೀನು ತಯಾರಾಗುತ್ತದೆ. ಈ ವ್ಯಾಪಾರಕ್ಕೆ ಜೀನಿನ ಅಭಿವ್ಯಕ್ತಿಯೆಂದು ಹೆಸರು. ಯಾವುದನ್ನು ಯಾವಾಗ ಓದಬೇಕು ಎಂಬುದಕ್ಕೂ ಒಂದು ವ್ಯವಸ್ಥೆಯುಂಟೆಂಬುದನ್ನು ಪ್ಯಾರಿಸಿನ ಜಾಕೋಬ್ ಮತ್ತು ಮೊನೊ ಅವರು ೧೯೬೧ರಲ್ಲಿ ಒಂದು ಬ್ಯಾಕ್ಟೀರಿಯದಲ್ಲಿ ತೋರಿಸಿದರು. ೧೯೬೫ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರಕಿತು.

ಇನ್ನು ಜಠರದ ವಿಷಯ. ಫಿನ್‌ಲೆಂಡಿನ ಲೌರೆನ್ ಅವರು ೧೯೬೫ರಲ್ಲಿ ಜಠರದ ಕ್ಯಾನ್ಸರನ್ನು ಮುಖ್ಯವಾಗಿ ಎರಡು ಬಗೆಯಾಗಿ ವಿಂಗಡಿಸಿದರು: ಕರುಳಿನ ರಚನೆಯನ್ನು ಹೋಲುವುದು ಒಂದು, ಚದರಿ ಹಬ್ಬುವುದು ಮತ್ತೊಂದು. ಮೊದಲನೆಯ ಬಗೆ ಒಮ್ಮೆಲೇ ಹುಟ್ಟುವುದಿಲ್ಲ. ಕೊಲಂಬಿಯ ದೇಶದ ಪೆಲಾಯೊ ಕೊರೆಯಾ ಮತ್ತು ಅವರ ಸಂಗಡಿಗರು ೧೯೭೫ರಲ್ಲಿ ಅದರ ಮೆಟ್ಟಿಲುಗಳನ್ನು ನಿರೂಪಿಸಿದರು. ಒಳಪೊರೆಯ ದೀರ್ಘಕಾಲದ ಉರಿಯೂತ, ತರುವಾಯ ಜಠರಗ್ರಂಥಿಗಳ ಸೊರಗುವಿಕೆ, ಅನಂತರ ಜಠರದ ಪೊರೆ ಕರುಳಿನ ಪೊರೆಯಂತೆ ಮಾರ್ಪಡುವುದು, ಬಳಿಕ ಕೋಶಗಳ ವಿಕಾರವಾದ ಬೆಳವಣಿಗೆ, ಕಟ್ಟಕಡೆಗೆ ಕ್ಯಾನ್ಸರು. ಈ ಮೆಟ್ಟಿಲುಗಳನ್ನು ಇಳಿಯಲು ಸಾಮಾನ್ಯವಾಗಿ ಹಲವು ದಶಕಗಳೇ ಹಿಡಿಯುತ್ತವೆ. ಮೊದಲನೆಯ ಮೆಟ್ಟಿಲಿಗೆ ಮುಖ್ಯ ಕಾರಣ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯ. ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಅವರು ೧೯೮೨ರಲ್ಲಿ ಇದನ್ನು ಬೆಳೆಸಿ ತೋರಿಸಿದರು. ೧೯೯೪ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಇದನ್ನು ಕ್ಯಾನ್ಸರ್‌ಕಾರಕಗಳ ಪ್ರಥಮ ವರ್ಗದಲ್ಲಿ ಸೇರಿಸಿತು. ೨೦೦೫ರಲ್ಲಿ ಇಬ್ಬರಿಗೂ ನೊಬೆಲ್ ಬಂದಿತು.

ನಮ್ಮ ವಿಮರ್ಶೆಗೆ ಬಹು ಮುಖ್ಯವಾದುದು ಮೂರನೆಯ ಮೆಟ್ಟಿಲು. ಜಠರದ ಗೋಡೆಯಲ್ಲಿ ಕರುಳಿನ ಕೋಶಗಳು ಕಾಣಿಸಿಕೊಳ್ಳುತ್ತವೆ. ಇವು ಕರುಳಿನಿಂದ ವಲಸೆ ಬಂದವಲ್ಲ. ‘ಸಿ.ಡಿ.ಎಕ್ಸ್.೨’ ಎಂಬ ಜೀನು ಕರುಳಿನಲ್ಲಿ ಸದಾ ಓದಲ್ಪಡುವಂಥದು. ಕೋಶವು ಕರುಳಿನ ಕೋಶವಾಗುವಂತೆ ಆಜ್ಞೆ ನೀಡುವುದು ಅದರ ಕೆಲಸ. ಬೆಳೆದವರ ಆರೋಗ್ಯವಂತ ಜಠರದಲ್ಲಿ ಅದು ಇದೆ, ಆದರೆ ಮುಚ್ಚಿದ ಪುಟವಾಗಿದೆ. ಉರಿಯೂತದಿಂದ ಬಳಲಿದ ಜಠರದಲ್ಲಿ ಆ ಪುಟ ತೆರೆದುಕೊಳ್ಳುತ್ತದೆ. ೨೦೦೨ರಲ್ಲಿ ಜಪಾನಿನ ಮತ್ತು ಅಮೆರಿಕದ ಸಂಶೋಧಕರು ಬೇರೆಬೇರೆಯಾಗಿ ಇಲಿಗಳ ಜಠರದಲ್ಲಿ ಈ ಒಂದು ಜೀನು ಓದಲ್ಪಡುವಂತೆ ಮಾಡಿದಾಗ, ಅಲ್ಲಿ ಕರುಳಿನ ಲಕ್ಷಣವುಳ್ಳ ಪೊರೆ ಮೂಡಿತು. ಇದಕ್ಕೆ ವಿರುದ್ಧವಾದ ವ್ಯಾಪಾರವೂ ಉಂಟು. ಕೋಶಗಳನ್ನು ಒಂದಕ್ಕೊಂದು ಬೆಸೆಯುವ ಪ್ರೋಟೀನಿನ ಜೀನು ‘ಸಿ.ಡಿ.ಎಚ್.೧’, ಡಿ.ಎನ್.ಎ. ನಕಲಾಗುವಾಗ ಉಂಟಾಗುವ ತಪ್ಪುಗಳನ್ನು ತಿದ್ದುವ ವ್ಯವಸ್ಥೆಯ ಒಂದು ಜೀನು ‘ಎಂ.ಎಲ್.ಎಚ್.೧’. ಇಂಥವುಗಳ ಆರಂಭಭಾಗದ ಮೇಲೆ ಮೀಥೈಲ್ ಎಂಬ ರಾಸಾಯನಿಕ ಗುಂಪುಗಳು ಕುಳಿತಾಗ ಆ ಪುಟಗಳು ಅಂಟಿಕೊಂಡು, ಓದು ನಿಲ್ಲುತ್ತದೆ. ಈ ಎರಡು ಬಗೆಯಲ್ಲಿಯೂ ಅಕ್ಷರಗಳು ಇದ್ದಂತೆಯೇ ಇವೆ, ಕೆಟ್ಟಿರುವುದು ಓದು. ಅಕ್ಷರಗಳ ಪಲ್ಲಟವೂ ಕಾಲಕ್ರಮದಲ್ಲಿ ಜೊತೆಗೂಡುತ್ತದೆಂಬುದು ನಿಜ. ಆದರೆ ಪ್ರಾರಂಭದಶೆಯ ಕಥೆಯನ್ನು ಬರಿಯ ಅಕ್ಷರದೋಷದ ಕಥೆಯಾಗಿ ಹೇಳುವುದು ಸರಿಯಲ್ಲ.

೩

ಈಗ ಮೊದಲನೆಯ ಪದವನ್ನು ನೋಡೋಣ. ಡೆನ್ಮಾರ್ಕಿನ ಜೊಹಾನ್ಸೆನ್ ಎಂಬ ವಿಜ್ಞಾನಿ ೧೯೦೯ರಲ್ಲಿ ‘ಜೀನ್’ ಎಂಬ ಪುಟ್ಟ ಪದವನ್ನು ಬಳಕೆಗೆ ತಂದನು. ಹಿಂದಿನ ಪದಗಳಿಗೆ ಅಂಟಿಕೊಂಡಿದ್ದ ಊಹೆಗಳೊಂದೂ ಇದಕ್ಕೆ ಅಂಟದಿರಲಿ ಎಂಬುದು ಅವನ ಉದ್ದೇಶವಾಗಿತ್ತು. ಬೇಕೆಂದೇ ಬರಿದಾಗಿಟ್ಟ ಆ ಪಾತ್ರೆಗೆ ನಾವು ಕನ್ನಡದಲ್ಲಿ ‘ವಂಶವಾಹಿ’ ಎಂಬ ಭಾರವನ್ನು ತುಂಬಿದೆವು. ವಂಶವನ್ನು ಹೊರುವುದು, ವಂಶದಲ್ಲಿ ಹರಿದುಬರುವುದು ಎಂದು ಇದರ ವ್ಯುತ್ಪತ್ತಿ. ತಂದೆತಾಯಿಗಳಿಂದ ಮಕ್ಕಳಿಗೆ ಮೈಬಣ್ಣವೋ ಕಣ್ಣಿನ ಬಣ್ಣವೋ ಬರುವುದನ್ನು ವಿವರಿಸುವಾಗ ಪದವು ಸೊಗಸಾಗಿಯೇ ಇದೆ. ಕ್ಯಾನ್ಸರಿನ ಪ್ರಸಂಗದಲ್ಲಿ ಅದು ದಾರಿ ತಪ್ಪಿಸುತ್ತದೆ.

ಜಠರದ ಕ್ಯಾನ್ಸರು ನಿಜವಾಗಿ ವಂಶದಲ್ಲಿ ಹರಿದುಬರುವ ಪ್ರಸಂಗಗಳೂ ಉಂಟು. ನ್ಯೂಜಿಲೆಂಡಿನ ಮಾವೊರಿ ಜನಾಂಗದ ಒಂದು ದೊಡ್ಡ ಕುಟುಂಬದಲ್ಲಿ ತಲೆಮಾರಿನಿಂದ ತಲೆಮಾರಿಗೆ ಈ ರೋಗ ಕಾಣಿಸಿಕೊಳ್ಳುತ್ತಿದ್ದುದಕ್ಕೆ ಸಿ.ಡಿ.ಎಚ್.೧ ಜೀನಿನಲ್ಲಿ ಹುಟ್ಟಿನಿಂದಲೇ ಇದ್ದ ಅಕ್ಷರದೋಷವು ಕಾರಣವೆಂದು ೧೯೯೮ರಲ್ಲಿ ಪ್ರಕಟವಾಯಿತು. ಅಲ್ಲಿ ‘ವಂಶವಾಹಿ’ ಎಂಬ ಮಾತು ಅಕ್ಷರಶಃ ಸತ್ಯ. ಆದರೆ ಇಂಥ ಅನುವಂಶಿಕ ಪ್ರಸಂಗಗಳು ನೂರಕ್ಕೆ ಒಂದರಿಂದ ಮೂರರಷ್ಟು ಮಾತ್ರ. ಉಳಿದವುಗಳಲ್ಲಿ ಜೀನಿನ ಓದು ಕೆಡುವುದು ಆ ವ್ಯಕ್ತಿಯ ಜಠರದ ಕೋಶಗಳಲ್ಲಿ, ಅವನ ಬಾಳಿನ ಅವಧಿಯಲ್ಲಿ. ಆ ಕೇಡು ಅವನ ಮಕ್ಕಳ ಮೈಗೆ ಇಳಿಯುವುದಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಮೂವರಿಗೆ ರೋಗ ಬರುವುದು ಇದಕ್ಕಿಂತ ಹೆಚ್ಚಾಗಿ ಕಂಡುಬರುತ್ತದೆಂಬುದೂ ದಿಟವೇ. ಆದರೆ ಮೇಲೆ ಹೇಳಿದ ಬ್ಯಾಕ್ಟೀರಿಯ ಬಾಲ್ಯದಲ್ಲಿ ಬಹುಮಟ್ಟಿಗೆ ಮನೆಯೊಳಗೇ ಅಂಟುವಂಥದು. ಮನೆಯವರ ಊಟವೂ ಒಂದೇ ಒಲೆಯದು. ಆದುದರಿಂದ ಮನೆಯಲ್ಲಿ ಬಂದುದೆಲ್ಲವೂ ರಕ್ತದಲ್ಲಿ ಬಂದುದಲ್ಲ. ‘ವಂಶವಾಹಿ’ ಎಂಬ ಪದವು ಈ ಭೇದವನ್ನು ಅಳಿಸಿಹಾಕುತ್ತದೆ. ತಾರ್ಕಿಕರ ಮಾತಿನಲ್ಲಿ ಹೇಳುವುದಾದರೆ ಇಲ್ಲಿ ಅತಿವ್ಯಾಪ್ತಿದೋಷವಿದೆ: ಕೆಲವಕ್ಕೆ ಸಲ್ಲುವ ಲಕ್ಷಣ ಎಲ್ಲಕ್ಕೂ ಹಬ್ಬಿಬಿಡುತ್ತದೆ.

ಇದಕ್ಕೆ ಒಂದು ಪೂರ್ವಪಕ್ಷವನ್ನು ಹೇಳಬಹುದು. ಪಾರಿಭಾಷಿಕ ಪದಕ್ಕೆ ವ್ಯುತ್ಪತ್ತಿ ಮುಖ್ಯವಲ್ಲ, ರೂಢಿ ಮುಖ್ಯ. ಕೆಸರಿನಲ್ಲಿ ಹುಟ್ಟಿದ ಎಲ್ಲವನ್ನೂ ಯಾರೂ ಪಂಕಜವೆನ್ನುವುದಿಲ್ಲ. ಹಾಗೆಯೇ ‘ವಂಶವಾಹಿ’ ಎಂದರೆ ಜೀನು ಎಂದು ಓದುಗನು ತಿಳಿದರೆ ಸಾಕು ಎಂದು. ಈ ವಾದವು ತರಗತಿಯೊಳಗೆ ಸಮರ್ಪಕವಾದುದು. ವಿದ್ಯಾರ್ಥಿಗೆ ಲಕ್ಷಣವನ್ನು ಮೊದಲು ಕಲಿಸಿ ಪದವನ್ನು ಬಳಿಕ ಕೊಡುತ್ತೇವೆ. ಆದರೆ ಆಸ್ಪತ್ರೆಯ ಜಗಲಿಯ ಮೇಲೆ ಕುಳಿತವನಿಗೆ ಪದ ಮಾತ್ರ ಸಿಗುತ್ತದೆ, ಲಕ್ಷಣ ಸಿಗುವುದಿಲ್ಲ. ರೂಢಿ ಇನ್ನೂ ನೆಲೆಯೂರದ ಕಡೆ ಕಿವಿಗೆ ಬೀಳುವುದು ಯೋಗಾರ್ಥವೇ. ನವಲಗುಂದದ ಆ ಹಿರಿಯರು ತಪ್ಪು ಓದಲಿಲ್ಲ. ಕನ್ನಡವನ್ನು ಸರಿಯಾಗಿಯೇ ಓದಿದರು. ತಪ್ಪು ಪದವನ್ನು ಆರಿಸಿದವರದು.

೪

ಎರಡನೆಯ ಪದ ಇನ್ನೂ ಹೆಚ್ಚಿನ ವಿಚಾರವನ್ನು ಬೇಡುತ್ತದೆ. ಇಂದಿನ ಕನ್ನಡದಲ್ಲಿ ‘ಅಭಿವ್ಯಕ್ತಿ’ ಎಂದೊಡನೆ ನೆನಪಾಗುವುದು ಸಂವಿಧಾನದ ೧೯ನೆಯ ಅನುಚ್ಛೇದದ ಅಭಿವ್ಯಕ್ತಿ ಸ್ವಾತಂತ್ರ್ಯ, ಇಲ್ಲವೆ ಕವಿಯ ಆತ್ಮಾಭಿವ್ಯಕ್ತಿ. ಎರಡರಲ್ಲಿಯೂ ಹೇಳುವವನೊಬ್ಬನಿರುತ್ತಾನೆ, ಅವನಿಗೆ ಹೇಳಬೇಕೆಂಬ ಇಚ್ಛೆಯಿರುತ್ತದೆ. ಈ ಅರ್ಥದ ನೆರಳು ಬಿದ್ದಾಗ ಜೀನು ತನ್ನನ್ನು ತಾನೇ ಹೊರಗೆಡಹುವ ಒಂದು ಶಕ್ತಿಯಾಗಿ ಕಾಣುತ್ತದೆ. ಒಳಗೆ ಅಡಗಿ ಕುಳಿತ ಕೇಡು ಹೊತ್ತು ನೋಡಿ ಹೊರಬಂದಿತೆಂಬ ಭಾವನೆ ಹುಟ್ಟುತ್ತದೆ. ಶಾಸ್ತ್ರದಲ್ಲಿ ಇಂಥ ಅರ್ಥವಿಲ್ಲ. ಜೀನು ತಾನಾಗಿ ಏನನ್ನೂ ಹೇಳುವುದಿಲ್ಲ, ಅದು ಓದಲ್ಪಡುತ್ತದೆ.

ಆದರೆ ಪದದ ಹಳೆಯ ಅರ್ಥಕ್ಕೆ ಹೋದರೆ ಚಿತ್ರ ಬೇರೆಯಾಗುತ್ತದೆ. ಭರತನ ರಸಸೂತ್ರಕ್ಕೆ ನಾಲ್ವರು ವ್ಯಾಖ್ಯಾನಕಾರರು ನಾಲ್ಕು ಬಗೆಯ ಅರ್ಥವನ್ನು ಹೇಳಿದರೆಂಬುದು ವಾಚಕರಿಗೆ ತಿಳಿದ ವಿಷಯ. ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ (೧೯೫೩) ಇದನ್ನು ಕನ್ನಡದಲ್ಲಿ ವಿಶದವಾಗಿ ನಿರೂಪಿಸಿದೆ. ಭಟ್ಟ ಲೊಲ್ಲಟನಿಗೆ ರಸವು ಉತ್ಪತ್ತಿಯಾಗುತ್ತದೆ, ಶಂಕುಕನಿಗೆ ಅನುಮಿತವಾಗುತ್ತದೆ, ಭಟ್ಟನಾಯಕನಿಗೆ ಭೋಗ್ಯವಾಗುತ್ತದೆ, ಅಭಿನವಗುಪ್ತನಿಗೆ ಅಭಿವ್ಯಕ್ತವಾಗುತ್ತದೆ. ಇಲ್ಲದ್ದು ಹುಟ್ಟುವುದು ಉತ್ಪತ್ತಿ. ಇದ್ದದ್ದು ತೋರುವುದು ಅಭಿವ್ಯಕ್ತಿ. ಕತ್ತಲೆಯ ಕೋಣೆಯಲ್ಲಿ ಕೊಡವಿದೆ. ದೀಪ ಬಂದಾಗ ಕಾಣುತ್ತದೆ. ದೀಪವು ಕೊಡವನ್ನು ಮಾಡಲಿಲ್ಲ. ಈ ಘಟಪ್ರದೀಪ ದೃಷ್ಟಾಂತವನ್ನು ಒಂಬತ್ತನೆಯ ಶತಮಾನದ ಆನಂದವರ್ಧನನೇ ಧ್ವನಿಯ ವಿಚಾರದಲ್ಲಿ ಬಳಸಿದ್ದಾನೆ.

ಈ ಹಳೆಯ ಅರ್ಥವು ಜಠರದ ಪ್ರಸಂಗಕ್ಕೆ ಆಶ್ಚರ್ಯಕರವಾಗಿ ಹೊಂದುತ್ತದೆ. ಸಿ.ಡಿ.ಎಕ್ಸ್.೨ ಜಠರದ ಕೋಶದಲ್ಲಿ ಮೊದಲೂ ಇದ್ದಿತು. ಉರಿಯೂತವು ಅದನ್ನು ಹುಟ್ಟಿಸಲಿಲ್ಲ, ಮರೆಯನ್ನು ಸರಿಸಿತು. ಅಭಿವ್ಯಕ್ತಿಗೆ ವ್ಯಂಜಕವೊಂದು ಬೇಕೆಂಬ ಅಂಶವೂ ಇಲ್ಲಿ ಒದಗಿಬರುತ್ತದೆ. ದೀಪವಿಲ್ಲದೆ ಕೊಡ ಕಾಣದು. ಸೋಂಕು, ಉರಿಯೂತ, ಹೊಗೆಸೊಪ್ಪು, ಅತಿಯಾದ ಉಪ್ಪು ಮೊದಲಾದ ಕಾರಣಗಳಿಲ್ಲದೆ ಮುಚ್ಚಿದ ಪುಟ ಸಾಮಾನ್ಯವಾಗಿ ತೆರೆಯದು. ಭಾರತದಲ್ಲಿ ಈ ಬ್ಯಾಕ್ಟೀರಿಯದ ಸೋಂಕು ಬಹು ವ್ಯಾಪಕವಾಗಿದ್ದರೂ ದೇಶದ ಹೆಚ್ಚಿನ ಭಾಗಗಳಲ್ಲಿ ಜಠರದ ಕ್ಯಾನ್ಸರು ಆ ಪ್ರಮಾಣದಲ್ಲಿ ಇಲ್ಲ. ಮಿಜೋರಾಮಿನಲ್ಲಿ ಮಾತ್ರ ಬಹಳ ಹೆಚ್ಚು. ಒಂದೇ ವ್ಯಂಜಕದಿಂದ ಕಾರ್ಯ ಮುಗಿಯುವುದಿಲ್ಲ, ಸಹಕಾರಿ ಕಾರಣಗಳೂ ಕೂಡಬೇಕೆಂಬುದಕ್ಕೆ ಇದೇ ಸಾಕ್ಷಿ.

ಸಾಮ್ಯವನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನೂ ಹೇಳಬೇಕು. ಜೀನು ಅಭಿವ್ಯಕ್ತವಾದಾಗ ಪ್ರೋಟೀನು ಹೊಸದಾಗಿಯೇ ತಯಾರಾಗುತ್ತದೆ. ಆದ್ದರಿಂದ ಜೀನಿನದು ಅಭಿವ್ಯಕ್ತಿ, ಪ್ರೋಟೀನಿನದು ಉತ್ಪತ್ತಿ. ‘ಪ್ರೋಟೀನಿನ ಅಭಿವ್ಯಕ್ತಿ’ ಎಂದು ಬರೆಯುವವರು ಅಭಿನವಗುಪ್ತನನ್ನೂ ಲೊಲ್ಲಟನನ್ನೂ ಒಂದೇ ಪೀಠದಲ್ಲಿ ಕೂರಿಸುತ್ತಾರೆ. ಇನ್ನೊಂದು ಭೇದ: ಕೊಡವು ಕಾಣುತ್ತದೆ, ಇಲ್ಲವೆ ಕಾಣುವುದಿಲ್ಲ, ಜೀನಿನ ಓದಿನಲ್ಲಿಯೋ ಹೆಚ್ಚು ಕಡಿಮೆಗಳಿವೆ, ಆ ಪ್ರಮಾಣದಲ್ಲಿಯೇ ಆರೋಗ್ಯ ಅನಾರೋಗ್ಯಗಳು ಅಡಗಿವೆ.

ಇಲ್ಲಿಯೇ ಹಾಳೆಯ ವಾಕ್ಯದ ನಿಜವಾದ ದೋಷ ಹೊರಬೀಳುತ್ತದೆ. ‘ಅಭಿವ್ಯಕ್ತಿಯಲ್ಲಿನ ದೋಷ’ ಎಂದರೆ ಯಾವ ದೋಷ? ಕರುಳಿನಲ್ಲಿ ಸಿ.ಡಿ.ಎಕ್ಸ್.೨ ಓದಲ್ಪಡದಿದ್ದರೆ ಕರುಳು ಕರುಳಾಗಿ ಉಳಿಯದು. ಅಲ್ಲಿ ಅದು ಗುಣ. ಜಠರದಲ್ಲಿ ಅದೇ ದೋಷ. ಜೀನೂ ಕೆಟ್ಟಿಲ್ಲ, ಅದರ ಅಭಿವ್ಯಕ್ತಿಯೂ ಸ್ವತಃ ಕೆಟ್ಟದ್ದಲ್ಲ. ಕೆಟ್ಟದ್ದು ಅದರ ಸ್ಥಾನ. ನಮ್ಮ ಆಲಂಕಾರಿಕರಿಗೆ ಈ ಬಗೆಯ ದೋಷ ಚೆನ್ನಾಗಿ ಗೊತ್ತಿತ್ತು. ರಸಭಂಗಕ್ಕೆ ಮುಖ್ಯ ಕಾರಣ ಅನೌಚಿತ್ಯವೆಂದು ಆನಂದವರ್ಧನನ ಮತ. ಹನ್ನೊಂದನೆಯ ಶತಮಾನದ ಕ್ಷೇಮೇಂದ್ರನು ಔಚಿತ್ಯವನ್ನೇ ಕಾವ್ಯದ ಜೀವವೆಂದು ಒಂದು ಪ್ರತ್ಯೇಕ ಗ್ರಂಥದಲ್ಲಿ ಪ್ರತಿಪಾದಿಸಿದನು. ಒಡವೆ ಎಷ್ಟೇ ಒಳ್ಳೆಯದಾಗಿರಲಿ, ತೊಡಬೇಕಾದ ಅಂಗದಲ್ಲಿ ತೊಡದಿದ್ದರೆ ನಗೆಗೀಡು. ಜಠರದ ಕ್ಯಾನ್ಸರಿನ ಪ್ರಾರಂಭದಶೆಯನ್ನು ಒಂದು ಮಾತಿನಲ್ಲಿ ಹೇಳಬೇಕಾದರೆ ಅದು ಓದಿನ ಅನೌಚಿತ್ಯ: ಓದಬಾರದ ಕಡೆ ಓದು, ಓದಬೇಕಾದ ಕಡೆ ಮೌನ. ‘ದೋಷ’ವೆಂಬ ಬರಿಯ ಮಾತು ಮನೆತನದ ಮೇಲೆ ಕಳಂಕವನ್ನು ಹೊರಿಸುತ್ತದೆ. ‘ಅಸ್ಥಾನದಲ್ಲಿ ಅಭಿವ್ಯಕ್ತಿ’ ಎಂದರೆ ಕಳಂಕ ಹೋಗಿ ಕಾರಣದ ಕಡೆಗೆ ದೃಷ್ಟಿ ತಿರುಗುತ್ತದೆ.

೫

ಜೀನುಗಳ ಓದನ್ನು ಅಳೆಯುವ ಸಂಶೋಧನೆಗಳ ವಿಷಯದಲ್ಲಿಯೂ ಒಂದು ಮಾತು ಹೇಳಬೇಕಾಗಿದೆ. ಗಂತಿಯ ತುಣುಕನ್ನೂ ಅದರ ಪಕ್ಕದ ಆರೋಗ್ಯವಂತವೆನ್ನಲಾದ ಪೊರೆಯ ತುಣುಕನ್ನೂ ತೆಗೆದುಕೊಂಡು, ಸಾವಿರಾರು ಜೀನುಗಳ ಅಭಿವ್ಯಕ್ತಿಯನ್ನು ಒಟ್ಟಿಗೆ ಹೋಲಿಸುವ ಪದ್ಧತಿ ಈ ಶತಮಾನದ ಆದಿಯಿಂದ ಪ್ರಚುರವಾಗಿದೆ. ನಮ್ಮ ನಾಡಿನಲ್ಲಿಯೂ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೊಇನ್‌ಫರ್ಮ್ಯಾಟಿಕ್ಸ್ ಸಂಸ್ಥೆಯವರು ೨೦೧೧ರಲ್ಲಿ ಜಠರದ ಕ್ಯಾನ್ಸರಿನ ಬಗ್ಗೆ ಇಂಥ ಅಧ್ಯಯನವೊಂದನ್ನು ಪ್ರಕಟಿಸಿದರು. ಇಂಥ ಕೆಲಸದ ಬೆಲೆಯನ್ನು ನಾವು ಕಡಿಮೆಮಾಡುವುದಿಲ್ಲ. ಆದರೆ ಅದರ ಫಲಿತಾಂಶವನ್ನು ಕನ್ನಡದಲ್ಲಿ ಹೇಳುವಾಗ ‘ಕ್ಯಾನ್ಸರಿಗೆ ಕಾರಣವಾದ ವಂಶವಾಹಿಗಳ ಪತ್ತೆ’ ಎಂಬ ತಲೆಬರಹವನ್ನು ಕೊಡುವುದು ಯುಕ್ತವೆ?

ಗ್ರಂಥಸಂಪಾದನೆಯ ಅಭ್ಯಾಸವಿದ್ದವರಿಗೆ ಇಲ್ಲಿನ ತೊಡಕು ಬೇಗ ಹೊಳೆಯುತ್ತದೆ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ (೧೯೬೪) ಕಲಿಸುವ ಮೊದಲ ಪಾಠಗಳಲ್ಲೊಂದು ಇದು: ಎರಡು ಓಲೆಪ್ರತಿಗಳಲ್ಲಿ ಪಾಠಾಂತರಗಳಿವೆಯೆಂದ ಮಾತ್ರಕ್ಕೆ ಮೂಲಪಾಠ ಯಾವುದು, ಲಿಪಿಕಾರನ ತಪ್ಪು ಯಾವುದು ಎಂಬುದು ತಾನಾಗಿ ತಿಳಿಯುವುದಿಲ್ಲ. ಗಂತಿಗೂ ಪಕ್ಕದ ಪೊರೆಗೂ ಇರುವ ವ್ಯತ್ಯಾಸಗಳು ಪಾಠಾಂತರಗಳ ಪಟ್ಟಿಯಿದ್ದಂತೆ. ಅವುಗಳಲ್ಲಿ ಕೆಲವು ರೋಗದ ಕಾರಣಗಳು, ಹಲವು ರೋಗದ ಪರಿಣಾಮಗಳು. ಅದೂ ಅಲ್ಲದೆ ಗಂತಿಯ ಪಕ್ಕದ ಪೊರೆಯೂ ದಶಕಗಳ ಉರಿಯೂತವನ್ನು ಅನುಭವಿಸಿದ್ದೇ. ಅದನ್ನು ಶುದ್ಧಪಾಠವೆಂದು ಭಾವಿಸುವುದು, ಒಬ್ಬನೇ ಲಿಪಿಕಾರನ ಎರಡು ಪ್ರತಿಗಳಲ್ಲಿ ಒಂದನ್ನು ಮೂಲವೆಂದು ತಿಳಿದಂತೆ. ಪೂರ್ಣವಾಗಿ ಬೆಳೆದ ಗಂತಿಯು ಗ್ರಂಥದ ಕೊನೆಯ ಪುಟ; ಮೊದಲ ಪುಟದಲ್ಲಿ ಏನು ನಡೆಯಿತೆಂದು ತಿಳಿಯಬೇಕಾದರೆ ಉರಿಯೂತ, ಸೊರಗುವಿಕೆ, ಮಾರ್ಪಾಡು ಈ ಒಂದೊಂದು ಮೆಟ್ಟಿಲಿನಿಂದಲೂ ಪ್ರತಿಗಳನ್ನು ಕೂಡಿಸಬೇಕು. ಪ್ರಾರಂಭದಶೆಯ ಅಧ್ಯಯನ ಕಷ್ಟವಾಗಿರುವುದು ಈ ಕಾರಣದಿಂದಲೇ. ಆ ದಶೆಯಲ್ಲಿರುವವನು ತನಗೆ ರೋಗವಿದೆಯೆಂದೇ ಅರಿಯನು. ಅಜೀರ್ಣವೆಂದೋ ಎದೆಯುರಿಯೆಂದೋ ದಿನ ಕಳೆಯುತ್ತಾನೆ.

೬

ಈ ವಿಮರ್ಶೆಯಿಂದ ಆಗುವ ಪ್ರಯೋಜನವೇನೆಂದು ಕೇಳಬಹುದು. ಶಬ್ದದ ಬೇರನ್ನು ಹಿಡಿದು ಜನದ ಬಾಳನ್ನು ಅರಸುವ ಪದ್ಧತಿ ಶಂ. ಬಾ. ಜೋಶಿಯವರಿಂದ ಧಾರವಾಡಕ್ಕೆ ಪರಿಚಿತವಾದುದು. ಅದೇ ರೀತಿಯಲ್ಲಿ ನಾವು ಈ ಪ್ರಸಂಗದಲ್ಲಿ ಒಂದು ದೊಡ್ಡ ಪದವನ್ನು ಎದುರಿಸಬೇಕಾಗಿದೆ, ಅದು ‘ಹಣೆಬರಹ’. ಬರಹವು ಒಮ್ಮೆ ಆಯಿತೆಂದರೆ ಮುಗಿಯಿತು, ಅದನ್ನು ಒರಸುವುದು ಯಾರಿಂದಲೂ ಆಗದು ಎಂಬ ನಂಬುಗೆ ನಮ್ಮ ಜನರಲ್ಲಿ ಆಳವಾಗಿ ಬೇರೂರಿದೆ. ‘ವಂಶವಾಹಿಯ ದೋಷ’ ಎಂಬ ಹೊಸ ಮಾತು ಕಿವಿಗೆ ಬಿದ್ದೊಡನೆ ಈ ಹಳೆಯ ಮಾತಿನೊಡನೆ ಕೂಡಿಕೊಳ್ಳುತ್ತದೆ. ವಿಜ್ಞಾನದ ಹೆಸರಿನಲ್ಲಿ ವಿಧಿಯೇ ಮರಳಿ ಬರುತ್ತದೆ. ಹಾಗೆ ತಿಳಿದವನು ಎಂಡೊಸ್ಕೋಪಿಗೆ ಏಕೆ ಒಪ್ಪಿಯಾನು? ಅವನ ಮಗಳ ಮದುವೆಯ ಮಾತುಕತೆಯಲ್ಲಿ ಮನೆತನದ ಸುದ್ದಿ ಎಲ್ಲಿಯವರೆಗೆ ಹಬ್ಬೀತು?

ವಿಷಯದ ಸತ್ಯಸ್ಥಿತಿ ಇದಕ್ಕೆ ತೀರ ವಿರುದ್ಧವಾಗಿದೆ. ಬರಹ ಒಂದೇ ಇದ್ದರೂ ಓದನ್ನು ಬದಲಿಸಬಹುದು. ಚೀನದ ಶಾಂಡೊಂಗ್ ಪ್ರಾಂತದ ಲಿಂಚು ಪ್ರದೇಶದಲ್ಲಿ ೧೯೯೫ರಲ್ಲಿ ಸೋಂಕುಳ್ಳವರಿಗೆ ಕೇವಲ ಎರಡು ವಾರ ಔಷಧಿ ಕೊಟ್ಟು, ೨೨ ವರ್ಷಗಳ ಕಾಲ ನೋಡಲಾಗಿ, ಅವರಲ್ಲಿ ಜಠರದ ಕ್ಯಾನ್ಸರು ಔಷಧಿ ಪಡೆಯದವರಿಗಿಂತ ಸುಮಾರು ಅರ್ಧದಷ್ಟು ಕಡಿಮೆಯಾಗಿದ್ದಿತು. ಒಳಪೊರೆಯನ್ನು ಮತ್ತು ಅದರ ಕೆಳಪದರವನ್ನು ಮೀರದ ಗಂತಿಗೆ ‘ಪ್ರಾರಂಭದಶೆಯ ಕ್ಯಾನ್ಸರ್’ ಎಂಬ ಲಕ್ಷಣವನ್ನು ಜಪಾನಿನ ವೈದ್ಯರು ೧೯೬೨ರಲ್ಲಿ ನಿಗದಿಮಾಡಿದರು. ಆ ದಶೆಯಲ್ಲಿ ಪತ್ತೆಯಾಗಿ ಚಿಕಿತ್ಸೆ ಪಡೆದವರಲ್ಲಿ ಅಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಐದು ವರ್ಷಗಳನ್ನು ದಾಟಿ ಬದುಕುತ್ತಾರೆ. ಇದನ್ನು ಅತಿಯಾಗಿಯೂ ಹೇಳಬಾರದು. ಸೋಂಕು ಹೋದರೂ, ಒಮ್ಮೆ ಕರುಳಿನಂತೆ ಮಾರ್ಪಟ್ಟ ಪೊರೆ ಎಲ್ಲರಲ್ಲಿಯೂ ಹಿಂದಿನಂತಾಗುವುದಿಲ್ಲ. ಅಂಥವರು ಆಗಾಗ ಪರೀಕ್ಷೆ ಮಾಡಿಸಿಕೊಳ್ಳಬೇಕಾಗುತ್ತದೆ. ಚದರಿ ಹಬ್ಬುವ ಬಗೆಯ ಕ್ಯಾನ್ಸರು ಈ ಮೆಟ್ಟಿಲುಗಳ ಕ್ರಮವನ್ನು ಅನುಸರಿಸುವುದೂ ಇಲ್ಲ. ಆದರೂ ‘ಹಣೆಬರಹ’ವೆಂಬ ಮಾತಿಗೆ ಇಲ್ಲಿ ಆಸ್ಪದವಿಲ್ಲವೆಂಬುದು ನಿರ್ವಿವಾದ.

ಆದುದರಿಂದ ನಮ್ಮ ಸೂಚನೆಗಳು ಇವು. ಮೊದಲನೆಯದಾಗಿ, ಕ್ಯಾನ್ಸರಿನ ಪ್ರಸಂಗದಲ್ಲಿ ‘ವಂಶವಾಹಿ’ಯನ್ನು ಬಿಟ್ಟು ‘ಜೀನ್’ ಎಂಬುದನ್ನೇ ಬಳಸಬೇಕು. ಪರಭಾಷೆಯ ಪದವೆಂಬ ಆಕ್ಷೇಪಣೆ ಇಲ್ಲಿ ನಿಲ್ಲದು. ಮುಳಗುಂದದ ನಯಸೇನನು ಹನ್ನೆರಡನೆಯ ಶತಮಾನದ ಆದಿಯಲ್ಲಿಯೇ, ಕನ್ನಡದಲ್ಲಿ ಬರೆಯುತ್ತೇವೆಂದು ಹೊರಟು ಸಂಸ್ಕೃತವನ್ನು ತಂದು ಬೆರಸುವವರನ್ನು ಆಕ್ಷೇಪಿಸಿದನು. ಜನಕ್ಕೆ ತಿಳಿಯುವಂತೆ ಹೇಳಬೇಕೆಂಬುದು ಅವನ ಕಳಕಳಿ. ಆ ಕಳಕಳಿಯಿಂದ ನೋಡಿದರೆ, ತಪ್ಪು ತಿಳಿಯುವ ಸಂಸ್ಕೃತಕ್ಕಿಂತ ತಪ್ಪು ತಿಳಿಯದ ಪರದೇಶಿ ಪದ ಮೇಲು. ‘ಅರ್ಬುದ’, ‘ಏಡಿಗಂತಿ’ ಎಂಬ ಪದಗಳಿದ್ದೂ ಜನರು ‘ಕ್ಯಾನ್ಸರ್’ ಎಂಬುದನ್ನೇ ತಮ್ಮದನ್ನಾಗಿ ಮಾಡಿಕೊಂಡಿದ್ದಾರೆ. ‘ಜೀನ್’ ಅವರಿಗೆ ಹೊರೆಯಾಗದು. ನಿಜವಾಗಿಯೂ ಅನುವಂಶಿಕವಾದ ಪ್ರಸಂಗಗಳಿಗೆ ಮಾತ್ರ ‘ವಂಶದಲ್ಲಿ ಬಂದ’ ಎಂಬ ವಿಶೇಷಣವನ್ನು ಸ್ಪಷ್ಟವಾಗಿ ಸೇರಿಸಬೇಕು.

ಎರಡನೆಯದಾಗಿ, ‘ಅಭಿವ್ಯಕ್ತಿ’ಯನ್ನು ವಿದ್ವತ್ಪ್ರಬಂಧಗಳಲ್ಲಿ ಉಳಿಸಿಕೊಳ್ಳಬಹುದು, ಅದರ ಹಳೆಯ ಅರ್ಥ ಶಾಸ್ತ್ರಕ್ಕೆ ಹೊಂದುತ್ತದೆ. ಆದರೆ ಬರಿಯ ‘ದೋಷ’ವೆನ್ನದೆ ಅತಿ, ನ್ಯೂನ, ಅಸ್ಥಾನ ಎಂಬ ಮೂರರಲ್ಲಿ ಯಾವುದೆಂದು ಹೇಳಲೇಬೇಕು. ಮೂರನೆಯದಾಗಿ, ರೋಗಿಗಳಿಗಾಗಿ ಬರೆಯುವ ಕಡೆ ‘ಅಭಿವ್ಯಕ್ತಿ’ಯ ಬದಲಾಗಿ ‘ಓದು’ ಎಂಬ ಅಚ್ಚಗನ್ನಡ ಪದವನ್ನು ಬಳಸಿ ನೋಡಬೇಕು. ಆ ಹಾಳೆಯ ವಾಕ್ಯವನ್ನು ನಾವು ಹೀಗೆ ತಿದ್ದುತ್ತೇವೆ: ‘ಹೊಟ್ಟೆಯಲ್ಲಿ ಬಹಳ ವರ್ಷ ಸೋಂಕು ಇದ್ದರೆ, ಅಲ್ಲಿನ ಜೀವಕೋಶಗಳು ಓದಬಾರದ ಜೀನುಗಳನ್ನು ಓದತೊಡಗುತ್ತವೆ, ಓದಬೇಕಾದವನ್ನು ಬಿಡುತ್ತವೆ. ಇದು ಸಾಮಾನ್ಯವಾಗಿ ತಂದೆತಾಯಿಗಳಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವುದೂ ಅಲ್ಲ. ಬೇಗ ತೋರಿಸಿಕೊಂಡರೆ ತಡೆಯಬಹುದು.’ ವಾಕ್ಯ ಉದ್ದವಾಯಿತೆಂದು ಕೆಲವರು ಹೇಳಬಹುದು. ಆ ಉದ್ದವನ್ನು ನಾವು ದೋಷವೆಂದು ಎಣಿಸುವುದಿಲ್ಲ.

ಈ ಸೂಚನೆಗಳನ್ನು ನಮ್ಮ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ಮತ್ತು ಜೀವರಸಾಯನಶಾಸ್ತ್ರ ವಿಭಾಗಗಳವರೂ ಹುಬ್ಬಳ್ಳಿ-ಧಾರವಾಡಗಳ ವೈದ್ಯರೂ ಪರಿಶೀಲಿಸಿ, ವಿಷಯದಲ್ಲಿ ನಾವು ಎಲ್ಲಿಯಾದರೂ ಎಡವಿದ್ದರೆ ತಿದ್ದಬೇಕೆಂದು ಬಿನ್ನವಿಸುತ್ತೇವೆ. ಭಾಷೆಯ ಪರೀಕ್ಷೆಗಾದರೋ ಬೇರೆ ಪಂಡಿತರು ಬೇಕಾಗಿಲ್ಲ. ಮುಂದೆ ಅಚ್ಚಾಗುವ ಹಾಳೆಯನ್ನು ಮೊದಲು ಜಗಲಿಯ ಮೇಲೆ ಕುಳಿತ ಒಬ್ಬ ಹಿರಿಯರ ಮುಂದೆ ಓದಿ, ಅವರಿಗೇನು ತಿಳಿಯಿತೆಂದು ಕೇಳಿದರೆ ಸಾಕು. ಅವರು ಮಕ್ಕಳ ಬಗ್ಗೆ ಅಂಜಿ ಸುಮ್ಮನೆ ಕುಳಿತರೆ ಹಾಳೆಯನ್ನು ಮತ್ತೆ ಬರೆಯಬೇಕು. ಔಷಧಿಯ ಬಗ್ಗೆ ಕೇಳಿದರೆ ಅಚ್ಚಿಗೆ ಕಳುಹಿಸಬಹುದು.